ಒಂದು ಹಿಡಿ ಕೊಸರು

ನನ್ನನ್ನು ಕೆಡಿಸಿದ್ದು ಒಂದು ಪುಸ್ತಕ ಎಂದು ಸಾಹುಕಾರ ವಾಮದೇವಪ್ಪನವರು ದಾವಣಗೆರೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಹೇಳಲಿ ಬಿಡಿ. ಆ ಪುಸ್ತಕ ಬಂದದ್ದೂ ನಾನು ಕೂಲಿಗಿದ್ದ ಅವರ ಮಂಡಕ್ಕಿ ಭಟ್ಟಿಗೇ. ನಯಾ ಪೈಸೆ ಬಂದ ವರ್ಷ ಅದು. ಪೊಟ್ಟಣ ಕಟ್ಟಲು ತಂದ ರದ್ದಿಯಲ್ಲಿ, ರಟ್ಟು ಹರಿದು, ಹೆಸರೂ ಇಲ್ಲದೆ ಬಿದ್ದಿತ್ತು. ನಾಲ್ಕನೇ ಇಯತ್ತೆ ಕಲಿತವಳು ನಾನು. ಹಾಳೆ ಹರಿಯುವ ಮೊದಲು ಒಂದು ಸಾಲು ಓದಿದೆ. ಇನ್ನೊಬ್ಬರ ಒಲೆ ಊದುವವರಿಗೆ ಹೊಗೆಯೇ ಕೂಲಿ ಎಂದಿತ್ತು. ಎದುರಿಗೆ ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿತ್ತು, ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಷ್ಟು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ತಂದೆ.

ಸ್ವಂತ ಉದ್ಯೋಗ ಹೂಡುವುದು ಹೇಗೆ, ದುಡಿದದ್ದರಲ್ಲಿ ಉಳಿಸುವುದು ಹೇಗೆ ಎಂಬುದೇ ಅದರ ತುಂಬ. ಓದಿ ಮುಗಿಸಿ, ಬೆಂಡೋಲೆ ಮಾರಿ ಹಿತ್ತಲಲ್ಲಿ ನನ್ನದೇ ಭಟ್ಟಿ ಹಾಕುತ್ತೇನೆ ಎಂದೆ. ಹತ್ತಿ ಮಿಲ್ಲಿನ ಪಾಳಿ ಮುಗಿಸಿ ಬಂದಿದ್ದ ನನ್ನ ಗಂಡ ಜಂಬಯ್ಯ ತಲೆಯ ಮೇಲೆ ಕೈ ಹೊತ್ತು ಕೂತ.

"ಪುಸ್ತಕ ಓದಿ ಯಾರಾರ ಸಾಹುಕಾರ ಆಗ್ಯಾರೇನೆ? ಇರೋ ಕೂಲೀನೂ ಹೋಗ್ತೈತೆ."

"ಹೋದ್ರೆ ಹೋಗ್ಲಿ. ಓಲೆ ನಮ್ಮವ್ವ ಕೊಟ್ಟಿದ್ದು, ನಿನ್ನ ಕೇಳಿ ಮಾರಬೇಕಾ?"

ಕೆಲಸ ಬಿಡುತ್ತೇನೆ ಎಂದಾಗ ವಾಮದೇವಪ್ಪನವರು ನಕ್ಕರು. "ಹೋಗು ಮೈಲಮ್ಮ. ದಾವಣಗೆರ್‍ಯಾಗ ಯಾವ ಅಂಗಡಿಯವನು ನಿನ್ನ ಮಂಡಕ್ಕಿ ತಗಂತಾನೋ ನಾನೂ ನೋಡ್ತೀನಿ."

ಓಲೆ ಮಾರಿ ಭಟ್ಟಿ ಹಾಕಿದೆ. ಅವರೂ ಆಡಿದಂತೆ ನಡೆದುಕೊಂಡರು. ಒಬ್ಬ ಅಂಗಡಿಯವನೂ ನನ್ನ ಚೀಲ ಬಿಚ್ಚಿಸಲಿಲ್ಲ. ಊರು ಇದೊಂದೇನಾ ಎಂದುಕೊಂಡು ಚೀಲಗಳನ್ನು ಪ್ಯಾಸೆಂಜರ್ ರೈಲಿಗೆ ಹಾಕಿ ಹರಿಹರದ ಸಂತೆಗೆ ಹೋದೆ.

ಎಡವಿದ್ದು ಅಲ್ಲಿ. ಅಳತೆಗಿಂತ ಒಂದು ಕಾಳೂ ಹೆಚ್ಚು ಕೊಡಬೇಡ ಎಂದು ಪುಸ್ತಕ ಹೇಳಿತ್ತು. ಮೊದಲ ಗಿರಾಕಿ, ಮೆಣಸಿನಕಾಯಿ ಮಾರುವ ಕರಿಯವ್ವ, ಸೆರಗು ಒಡ್ಡಿದಳು. ಸೇರು ಅಳೆದು ಸುರಿದೆ. ಅವಳು ಸೆರಗು ಮಡಚಲಿಲ್ಲ.

"ಕೊಸರು ಹಾಕವ್ವ."

"ಕೊಸರಿಲ್ಲ. ಅಳತಿ ಸರಿ ಐತೆ."

ಅವಳ ಮುಖ ಕಪ್ಪಿಟ್ಟಿತು. ಸೆರಗಿನಲ್ಲಿದ್ದದ್ದನ್ನೆಲ್ಲ ನನ್ನ ಚಾಪೆಯ ಮೇಲೆ ಸುರಿದು, "ನಮ್ಮನ್ಯಾಗ ಯಾರೂ ಸತ್ತಿಲ್ಲ!" ಎಂದು ಸಂತೆಗೆಲ್ಲ ಕೇಳುವಂತೆ ಕೂಗಿ ಹೋದಳು.

ಆಗ ಹೊಳೆಯಿತು. ಹೆಣದ ಮುಂದೆ ತೂರುವ ಮಂಡಕ್ಕಿಗೆ ಮಾತ್ರ ನಮ್ಮಲ್ಲಿ ಚೌಕಾಶಿಯಿಲ್ಲ, ಕೊಸರಿಲ್ಲ. ಹುಟ್ಟಿದಾಗಿನಿಂದ ಕಂಡ ಪದ್ಧತಿಯನ್ನು ಅಚ್ಚಿನ ಅಕ್ಷರ ನೋಡಿ ಮರೆತಿದ್ದೆ. ಆ ದಿನ ಇನ್ನೊಬ್ಬರು ನನ್ನ ಚಾಪೆಯ ಹತ್ತಿರ ಸುಳಿಯಲಿಲ್ಲ. ಚೀಲಗಳು ಹೋದ ಹಾಗೇ ವಾಪಸು ಬಂದವು.

"ನಡಿ, ಸಾಹುಕಾರ್ರ ಕಾಲು ಹಿಡಿಯಾನ," ಎಂದ ಜಂಬಯ್ಯ.

"ಹಿಡಿಯೋದಾದ್ರೆ ಆ ಕರಿಯವ್ವನ ಕಾಲು ಹಿಡೀತೀನಿ. ಆಯಮ್ಮ ತಪ್ಪೇನೂ ಹೇಳಿಲ್ಲ!"

ನನಗೆ ಪುಸ್ತಕದ ಮೇಲೂ ಸಿಟ್ಟು ಬಂದಿತ್ತು. ಹೊಗೆಯ ಮಾತು ನಿಜ. ಆದರೆ ಬರೆದ ಪುಣ್ಯಾತ್ಮ ಸಂತೆಯಲ್ಲಿ ಚಾಪೆ ಹಾಸಿ ಕೂತವನಲ್ಲ. ಅವನೇನು ದೇವರೇ? ಕೊಸರು ಬೇಡವೆಂದ ಆ ಒಂದು ಹಾಳೆಯನ್ನು ಹರಿದು, ಅದರಲ್ಲೇ ಮಂಡಕ್ಕಿ ಪೊಟ್ಟಣ ಕಟ್ಟಿದೆ.

ಮುಂದಿನ ಸಂತೆಯಲ್ಲಿ ಪೊಟ್ಟಣವನ್ನು ಕರಿಯವ್ವನ ಕೈಗಿಟ್ಟು, "ತಪ್ಪಾತವ್ವ," ಎಂದೆ. ಅವಳು ಪೊಟ್ಟಣ ಬಿಚ್ಚಿ ಬಾಯಿಗೆ ಹಾಕಿಕೊಂಡಳು. ನಾನು ಚಾಪೆಗೆ ಬಂದು, ಅಳೆಯುವ ಮೊದಲೇ ಪ್ರತಿಯೊಬ್ಬರ ಸೆರಗಿಗೂ ತುಂಬು ಹಿಡಿ ಕೊಸರು ಹಾಕತೊಡಗಿದೆ. ಸ್ವಲ್ಪ ಹೊತ್ತಿಗೆ ಕರಿಯವ್ವನ ದನಿ ಕೇಳಿಸಿತು: "ಬರ್ರೇ, ಈಯಮ್ಮ ಕೊಸರನ್ನೇ ಮೊದ್ಲು ಹಾಕ್ತಾಳೆ!" ಮಧ್ಯಾಹ್ನಕ್ಕೆ ಚೀಲಗಳು ಖಾಲಿ. ಸಂತೋಷಕ್ಕೆ ಚಾಪೆ ಮಡಚಲೂ ಕೈ ಬರಲಿಲ್ಲ.

ಮುಂಗಾರು ಶುರುವಾಗುವ ಹೊತ್ತಿಗೆ ವಾಮದೇವಪ್ಪನವರೇ ಹರಿಹರದ ಸಂತೆಗೆ ಬಂದು ನನ್ನ ಚಾಪೆಯ ಎದುರು ಅಡ್ಡ ನಿಂತರು.

"ವಾಪಸ್ ಬಾ. ಮೇಸ್ತ್ರಿ ಮಾಡ್ತೀನಿ, ಎರಡು ಪಟ್ಟು ಕೂಲಿ."

ಸುಳ್ಳೇಕೆ ಹೇಳಲಿ, ಮನಸ್ಸು ಒಂದು ಗಳಿಗೆ ತೂಗಾಡಿತು. ಅವರೇ ಅದನ್ನು ನಿಲ್ಲಿಸಿದರು.

"ಹೆಂಗಸಿನ ಅಂಗಡಿ ಎಷ್ಟು ದಿನ ನಡೀತೈತೆ?"

"ನೋಡಾಕ ಬರ್ತಾ ಇರ್ರಿ, ಗೊತ್ತಾಗ್ತೈತೆ. ಈಗ ಒಂಚೂರು ಸರೀರಿ ಸಾಹುಕಾರ್ರೆ, ಹಿಂದೆ ಜನ ಕಾಯ್ತಾರೆ."

ಹದಿನಾರು ವರ್ಷ, ಅವರು ಒಳಗೆ ಬಂದಾಗಲೆಲ್ಲ ಭಟ್ಟಿಯ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟವಳು ನಾನು. ಅವರು ಪಂಚೆಯ ಚುಂಗು ಹಿಡಿದುಕೊಂಡು ಪಕ್ಕಕ್ಕೆ ಸರಿದರು.