ಲೋಯಿಸ್ ಬರೆಯುತ್ತಿದ್ದ ಸಾಲು

ನನ್ನ ನೆನಪು ಕೆಟ್ಟಿದೆ ಎನ್ನುವವರು ಈ ಧ್ವನಿ ಸಂದೇಶ ಕೇಳದೆ ಈಗಲೇ ಫೋನ್ ಕೆಳಗಿಡಿ. ನಿನ್ನೆ ತಿಂದದ್ದು ನೆನಪಿಲ್ಲದವರೆಲ್ಲ ನನ್ನನ್ನು ತಿದ್ದಲು ಬರುತ್ತೀರಲ್ಲ! ಅದು ಡಿಸೆಂಬರ್ ಹದಿನೈದು, ಸೋಮವಾರ. ಒಹಾಯೋದ ನಮ್ಮ ಬೀದಿಯ ಡೆಲ್ಮರ್ ಯೋಸ್ಟ್ ಎರಡು ಫಾರಂ ಇಟ್ಟುಕೊಂಡು ಅಡುಗೆಮನೆಯಲ್ಲಿ ಕೂತಿದ್ದ. ಶ್ವಾಸಕೋಶದಲ್ಲಿ ಗಂಟು ಕಂಡಿತ್ತು, ಜನವರಿಯಲ್ಲಿ ತೆಗೆಯಬೇಕು. ಅದರ ಖರ್ಚನ್ನು ಯಾರ ಮೇಲೆ ಹಾಕುವುದೆಂದು ಆ ದಿನವೇ ತೀರ್ಮಾನಿಸಬೇಕಿತ್ತು; ಜನವರಿಯಿಂದ ವಿಮೆ ಸಿಗಬೇಕಾದರೆ ಅರ್ಜಿಗೆ ಅದೇ ಕೊನೆಯ ದಿನ. ಅವನಿಗೆ ಹೆದರಿಕೆಯೂ ಇರಲಿಲ್ಲ. ಏಪ್ರಿಲ್‌ನಲ್ಲಿ ಹೆಂಡತಿ ಲೋಯಿಸ್ ತೀರಿಕೊಂಡ ಮೇಲೆ ಕಾಫಿ ಬಿಸಿಯೋ ತಣ್ಣಗೋ ಅದೂ ಅವನಿಗೆ ತಿಳಿಯುತ್ತಿರಲಿಲ್ಲ.

ಒಂದು ಫಾರಂ ಚರ್ಚಿನವರ ಹಂಚಿಕೆ ಸಂಘದ್ದು, ಒಬ್ಬರ ಆಸ್ಪತ್ರೆ ಖರ್ಚನ್ನು ಉಳಿದ ಸದಸ್ಯರು ಹಂಚಿಕೊಂಡು ಕೊಡುವ ಏರ್ಪಾಡು. ಇಪ್ಪತ್ತು ವರ್ಷದಿಂದ ಗಂಡ ಹೆಂಡತಿ ಅದರಲ್ಲೇ ಇದ್ದರು. ತಿಂಗಳಿಗೊಬ್ಬ ರೋಗಿಯ ಹೆಸರು ಬರುತ್ತಿತ್ತು. ತಮ್ಮ ಪಾಲಿನ ಚೆಕ್ ಜೊತೆ ಲೋಯಿಸ್ ಒಂದು ಕಾರ್ಡ್ ಬರೆದಿಡುತ್ತಿದ್ದಳು. ಅವಳು ಕಾಯಿಲೆಯಿಂದ ಮಲಗಿದಾಗ ಸದಸ್ಯರಿಂದ ಬಂದ ಕಾರ್ಡುಗಳು ಒಡೆಯದೆ ಬೂಟಿನ ಡಬ್ಬಿಯಲ್ಲಿದ್ದವು. ಇನ್ನೊಂದು ಫಾರಂ ವಿಮೆಯದು, ಮಗಳು ರೋಂಡಾ ತಂದದ್ದು.

“ಅಪ್ಪಾ, ಸಂಘದವ್ರು ಕೊಟ್ರೆ ಕೊಟ್ರು, ಇಲ್ಲಾಂದ್ರೆ ಕೇಳೋ ಹಾಗಿಲ್ಲ. ವಿಮೆಯವ್ರು ಕೊಡ್ಲೇಬೇಕು.”

“ನಿಮ್ಮಮ್ಮಂಗೆ ಎಲ್ಲಾ ಕೊಟ್ರಲ್ಲ.”

“ಅಮ್ಮ ಸಿಗರೇಟ್ ಸೇದ್ತಿರ್ಲಿಲ್ಲ. ನೀನು ಶೆಡ್ ಹಿಂದೆ ನಿಂತು ಸೇದೋದು ನಂಗೊತ್ತಿಲ್ಲ ಅಂದ್ಕೊಂಡ್ಯಾ? ಹೈಸ್ಕೂಲ್ ಹುಡುಗನ ಥರ!”

ಡೆಲ್ಮರ್ ಸಂಘದ ಫಾರಂ ತಿರುಗಿಸಿದ. ಸಹಿಯ ಜಾಗದ ಮೇಲೆ ಪ್ರತಿ ವರ್ಷದ ಮಾತು: ನಾನು ತಂಬಾಕು ಮುಟ್ಟುವುದಿಲ್ಲ. ಮೇ ತಿಂಗಳಿಂದ ಅದು ಸುಳ್ಳು.

“ವಿಮೆಯವ್ರೂ ಕೇಳ್ತಾರಾ?”

“ಕೇಳ್ತಾರೆ. ಹೌದು ಅಂದ್ರೆ ಕಂತು ಜಾಸ್ತಿ ಮಾಡ್ತಾರೆ. ಆಚೆ ಹಾಕಲ್ಲ.”

“ಹಾಗಾದ್ರೆ ಅದನ್ನೇ ತುಂಬು. ಸೇದ್ತಾನೆ ಅಂತ ಬರಿ.”

ಮುಗಿಯಿತು. ಇಪ್ಪತ್ತು ವರ್ಷದ ಸಂಘ ಬಿಟ್ಟುಹೋಯಿತು, ಅವನಿಗೆ ಏನೂ ಅನ್ನಿಸಲಿಲ್ಲ. ಆಮೇಲೆ ಸಂಘದ ಕೊನೆಯ ಲಕೋಟೆ ಎಳೆದುಕೊಂಡ. ಆ ತಿಂಗಳ ರೋಗಿ ಇಡಾಹೋದ ಮಾರ್ವಾ ಟಿಂಗ್ಲಿ, ಸೊಂಟದ ಮೂಳೆಯ ತೊಂದರೆ.

“ಬಿಡ್ತಾ ಇದೀಯಲ್ಲ, ಇನ್ಯಾಕಪ್ಪಾ?”

“ಡಿಸೆಂಬರ್ ಇನ್ನೂ ಮುಗಿದಿಲ್ಲ. ನಿಮ್ಮಮ್ಮ ಕಾರ್ಡಲ್ಲಿ ಏನು ಬರೀತಿದ್ಲು?”

“ಪೋಸ್ಟ್ ಮಾಡ್ತಿದ್ದೋನು ನೀನು. ನಂಗೇನ್ ಗೊತ್ತು?”

ಅವನು ಬೂಟಿನ ಡಬ್ಬಿ ತೆರೆದ. ನಾಲ್ಕನೆಯ ಕಾರ್ಡಿನಲ್ಲಿ ಯಾರೋ ಬರೆದಿದ್ದರು: ‘ನನ್ನ ಕಷ್ಟದಲ್ಲಿ ನೀವು ಬರೆದದ್ದನ್ನೇ ನಿಮಗೆ ಬರೆಯುತ್ತಿದ್ದೇನೆ, ಲೋಯಿಸ್. ಇವತ್ತು ನಮ್ಮ ಅಡುಗೆಮನೆಯಲ್ಲಿ ನಿಮ್ಮ ಹೆಸರು ಹೇಳಿದೆವು.’

ಡೆಲ್ಮರ್ ಆ ಕೊನೆಯ ಸಾಲನ್ನೇ ಮಾರ್ವಾಳ ಕಾರ್ಡಿಗೆ ನಕಲು ಮಾಡಿದ. ಲಕೋಟೆ ಅಂಟಿಸುವ ಮೊದಲು ಕೈ ನಿಲ್ಲಿಸಿದ. ಇದಾದರೂ ಸುಳ್ಳಾಗಬಾರದು.

“ಮಾರ್ವಾ ಟಿಂಗ್ಲಿ,” ಎಂದ, ಗೋಡೆ ನೋಡುತ್ತ.

“ಮಾರ್ವಾ ಟಿಂಗ್ಲಿ,” ಎಂದಳು ರೋಂಡಾ.

ನಿಮಗೆ ಗೊತ್ತಿರುವವರು ಯಾರಾದರೂ ಇಂಥ ಫಾರಂ ಹಿಡಿದು ಕೂತಿದ್ದರೆ ಇದನ್ನು ಅವರಿಗೂ ಕೇಳಿಸಿ. ಹೆಸರುಗಳನ್ನು ಮಾತ್ರ ತಪ್ಪು ಹೇಳಬೇಡಿ.