ಸನ್ಮಾನದ ದಿನ ವರದಾ

ಯಾವುದನ್ನೂ ವರದಾ ಒಂದೇ ಸಲಕ್ಕೆ ನಂಬಿದವಳಲ್ಲ. ಬೈಲಹೊಂಗಲದ ಪೇಟೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ "ಇನ್ನೊಮ್ಮೆ ತೂಗ್ರಿ" ಎಂದು ಮಾರುವವರ ಕೋಪಕ್ಕೆ ಗುರಿಯಾಗುತ್ತಿದ್ದಳು. ಎಡಭುಜವನ್ನು ಮುಂದೆ ಮಾಡಿ, ಇದಿರುಗಾಳಿಯನ್ನು ಸೀಳಿಕೊಂಡು ಹೋಗುವವಳಂತೆ ಬಿರುಸಾಗಿ ನಡೆಯುವ ಅವಳ ಮೈಮೇಲೆ ಸದಾ ತೋಳು ಸುಟ್ಟ ಒಂದು ಬಿಳಿಯ ಕೋಟು; ಅದರ ಕಿಸೆಗಳ ತುಂಬ ಇದ್ದಿಲಿನ ಮಸಿ. ನಾನು ಕನ್ನಡ ಕಲಿಸುವ ಕಾಲೇಜಿನಲ್ಲಿಯೇ ಅವಳು ರಸಾಯನಶಾಸ್ತ್ರದ ಪ್ರಾಧ್ಯಾಪಕಿ. ಹೊಲಗಳಲ್ಲಿ ವ್ಯರ್ಥವಾಗಿ ಉರಿದುಹೋಗುವ ಹತ್ತಿಕಟ್ಟಿಗೆಯನ್ನು ಇದ್ದಿಲಾಗಿಸಿ, ಅದನ್ನು ಸೋಡಿಯಂ ಬ್ಯಾಟರಿಗೆ ಒಗ್ಗಿಸಿ, ಹಗಲಿನ ಬಿಸಿಲನ್ನು ಇರುಳಿಗೆ ಅಗ್ಗವಾಗಿ ಕೂಡಿಡಬೇಕೆಂಬುದು ಅವಳ ಬಹುಕಾಲದ ವ್ರತ.

ಹೋದ ವರ್ಷ ಆ ಇದ್ದಿಲು ಎಲ್ಲರ ನಿರೀಕ್ಷೆ ಮೀರಿ ವಿದ್ಯುತ್ತನ್ನು ಹಿಡಿದಿಟ್ಟಿತು. ಪ್ರಬಂಧ ಪ್ರಕಟವಾಯಿತು, ಅದರ ಬಲದ ಮೇಲೆ ಅವಳ ಶಿಷ್ಯೆ, ಸಂಪಗಾಂವದ ಸ್ನೇಹಲ್‌ಗೆ ಬ್ಯಾಟರಿ ಕಂಪನಿಯೊಂದು ಕೆಲಸ ಕೊಡಲು ಒಪ್ಪಿತು. ಕಿತ್ತೂರಿನಲ್ಲಿ ವರದಾಳಿಗೆ ಸನ್ಮಾನ ಏರ್ಪಾಡಾಯಿತು. ಶಾಲು ಹೊದಿಸಿದಾಗ ಮುಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲಿ, ಅವಳ ತಾಯಿ ಗಂಗೂಬಾಯಿ ಕಣ್ಣೊರೆಸಿಕೊಳ್ಳುತ್ತಿದ್ದರು. ವರದಾ ಮೈಕಿನ ಮುಂದೆ ನಿಂತಳು.

"ಕ್ಷಮಸ್ರಿ. ನಾ ಪ್ರಬಂಧದಾಗ ಬರದದ್ದು ತಪ್ಪು ಅದ. ಹಳೀ ಭಟ್ಟಿಯೊಳಗ ಬ್ಯಾರೆ ವಸ್ತು ಅಂಟಿತ್ತು, ಅದು ನಮ್ಮ ಇದ್ದಲಿಗೆ ಕೂಡೇದ. ಹೊಸಾ ಭಟ್ಟಿಯೊಳಗ ಮಾಡಿದ್ರ ಅರ್ಧಾ ಶಕ್ತಿನೂ ಬರವಲ್ತು. ಇವತ್ತ ಮುಂಜಾನೆ ಖಾತ್ರಿ ಆತು."

ಅಧ್ಯಕ್ಷರ ಮುಖದ ನಗು ಇಳಿಯಲು ದಾರಿ ತಿಳಿಯದೆ ಅಲ್ಲಿಯೇ ನಿಂತಿತ್ತು. ವರದಾ ಶಾಲನ್ನು ಮಡಿಸಿ ಮೇಜಿನ ಮೇಲಿಟ್ಟು ಕೆಳಗಿಳಿದಳು. "ಏನಂದಳು ಇಕಿ?" ಎಂದು ಗಂಗೂಬಾಯಿ ನನ್ನ ತೋಳು ಹಿಡಿದರು. ನಾನು ಅವರನ್ನು ಎಬ್ಬಿಸಿಕೊಂಡು ವರದಾಳ ಹಿಂದೆ ನಡೆದೆ.

ಹೊರಗೆ ಸ್ನೇಹಲ್ ಬಿಳಿಚಿಕೊಂಡು ನಿಂತಿದ್ದಳು.

"ನನಗರ ಮೊದಲ ಒಂದ ಮಾತ ಹೇಳಬೇಕಿತ್ತಿಲ್ರಿ, ಮೇಡಮ್? ಓಣಿಗೆಲ್ಲಾ ಪೇಢೆ ಹಂಚೇವ್ರಿ."

"ಹೇಳಿದ್ರ ನೀ ಅಳತಿದ್ದಿ. ಆಮ್ಯಾಲೆ ಸಭಾದಾಗ ಹೇಳಲಿಕ್ಕೆ ನನಗ ಬಾಯಿ ಬರ್ತಿದ್ದಿಲ್ಲ."

ವೇದಿಕೆಯ ಮಾತಿಗೆ ಒಮ್ಮೆ ಬೆಚ್ಚಿದ್ದ ನಾನು ಎರಡನೆಯ ಸಲ ಬೆಚ್ಚಿದೆ. ಆ ಉತ್ತರದಲ್ಲಿ ಸಾಂತ್ವನದ ಒಂದಕ್ಷರವೂ ಇರಲಿಲ್ಲ.

ಕಂಪನಿ ಮಾತು ಹಿಂತೆಗೆದುಕೊಂಡಿತು. ಸ್ನೇಹಲ್ ಈಗ ರಾಮದುರ್ಗದಲ್ಲಿ ಶಾಲೆಯೊಂದರ ಶಿಕ್ಷಕಿ. ಮೊನ್ನೆ ಸವದತ್ತಿಯ ಬಸ್ ನಿಲ್ದಾಣದಲ್ಲಿ ನಮ್ಮಿಬ್ಬರನ್ನು ಕಂಡೂ ಮುಖ ತಿರುಗಿಸಿ ಬಸ್ಸು ಹತ್ತಿದಳು. ಬಸ್ಸು ಮರೆಯಾಗುವ ತನಕ ನೋಡುತ್ತಿದ್ದ ವರದಾ, "ಅಕಿ ಸಿಟ್ಟು ಖರೇನ ಅದ" ಎಂದಳು. ಪ್ರಬಂಧವನ್ನು ಅವಳು ಹಿಂಪಡೆದಾಗಿತ್ತು. ಹೊಸ ಭಟ್ಟಿಯ ಬಡ ಫಲಿತಾಂಶವನ್ನೇ ಮತ್ತೆ ಪ್ರಕಟಿಸಿದ್ದಳು. ದೂರದೂರಿನ ಎರಡು ಪ್ರಯೋಗಾಲಯಗಳು ಅದನ್ನು ಪರೀಕ್ಷಿಸಿದಾಗ ಅಷ್ಟೇ ಶಕ್ತಿ ಬಂದಿತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಅವರ ಕೆಲಸ ಈಗ ಅಲ್ಲಿಂದ ಮುಂದುವರಿದಿದೆ.

ಇಂಥವರ ಜೊತೆ ಬಾಳುವುದು ಸುಲಭವಲ್ಲ. ಅವರ ಪ್ರಾಮಾಣಿಕತೆಗೆ ಅವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರೂ ಬೆಲೆ ತೆರುತ್ತಾರೆ, ಕೆಲವೊಮ್ಮೆ ಹೆಚ್ಚಿಗೆಯೇ ತೆರುತ್ತಾರೆ. ಆ ನೋವಿಗೆ ಅವರಲ್ಲಿ ಮದ್ದೂ ಇರುವುದಿಲ್ಲ. ಆದರೂ ಮುಖವನ್ನೇ ಕಾಣದ ಯಾರೋ ಎಲ್ಲಿಯೋ ಕಣ್ಣುಮುಚ್ಚಿ ತಮ್ಮ ಕೆಲಸ ಆರಂಭಿಸುವುದು ಇಂಥವರು ಹೇಳಿದ ಒಂದು ಅಂಕಿಯನ್ನು ನಂಬಿಕೊಂಡೇ.