ತೂಟೆಯೋ ಲಾಟೀನೋ

ಕೋಟಿನ ಕಾಲರಿಗೆ ಎರಡು ಹನಿ ನೀರು ಚಿಮುಕಿಸಿ ಡಾಲಿ ಇಸ್ತ್ರಿಪೆಟ್ಟಿಗೆ ಒತ್ತಿದಳು. ಹತ್ತು ಗಂಟೆಗೆ ಗಂಡ ವಿಲ್ಲಿಯ ದೇಹವನ್ನು ಆಸ್ಪತ್ರೆಯಿಂದ ತರುತ್ತಾರೆ. ಕೂಳೂರಿನಲ್ಲಿ ನಲವತ್ತು ವರ್ಷ ಊರವರಿಗೆಲ್ಲ ಹೊಲಿದುಕೊಟ್ಟ ಮನುಷ್ಯ, ತನ್ನ ಕೊನೆಯ ಕೋಟನ್ನೂ ತಾನೇ ಹೊಲಿದಿಟ್ಟಿದ್ದ. ಎದೆಯ ಹತ್ತಿರ ಬಂದಾಗ ಒಳಜೇಬಿನಲ್ಲಿ ಕಾಗದ ಸರಕ್ಕೆಂದಿತು. ಯಾವ ಕಾಗದವೆಂದು ಅವಳಿಗೆ ನೋಡದೆಯೇ ಗೊತ್ತು.

ಜಗಲಿಯಲ್ಲಿ ನಗು ಕೇಳಿಸಿತು. ಸಾವಿನ ಮನೆಯೇ ಹೌದು. ಆದರೆ ವಿಲ್ಲಿಯ ಮಾತು ಬಂದರೆ ನಗದೆ ಇರುವುದು ಹೇಗೆ?

"ಯಾವ ಫಿಲ್ಮಿಗೆ ಹೋದರೂ ಇಂಟರ್‌ವಲ್‌ಗೇ ತೀರ್ಪು. 'ಬಟ್ಟೆ ಬೇರೆ, ಕಟಿಂಗ್ ಅದೇ' ಅಂತ," ಎಂದ ಡಾಲಿಯ ತಮ್ಮ ಇರ್ವಿನ್. "ನಮ್ಮ ಕಡಲ ಬದಿಯಲ್ಲಿ ತೆಗೆದ ಆ ತುಳು ಫಿಲ್ಮನ್ನೂ ಬಿಡಲಿಲ್ಲ."

"ಅದು ಕಾಪಿ ಅಲ್ಲ ಮಾರಾಯ!" ವಿಲ್ಲಿಯ ಗೆಳೆಯ ಸೇಸಪ್ಪ ದೋಣಿಗೆ ಹೋಗುವುದು ಬಿಟ್ಟು ಹತ್ತು ವರ್ಷವಾದರೂ ಸ್ವರ ಗಾಳಿಗೆ ಎದುರು ಕೂಗುವವನದ್ದೇ. "ದೋಣಿಗೆ ದಡ ಕಾಣಲಿಕ್ಕೆ ನನ್ನ ಅಮ್ಮ ತೆಂಗಿನ ಗರಿಯ ತೂಟೆ ಹೊತ್ತಿಸಿ ಬೀಸ್ತಿದ್ದಳು. ಆ ಸೀನನ್ನು ಶೂಟಿಂಗಿನವರಿಗೆ ಹೇಳಿಕೊಟ್ಟದ್ದೇ ನಾನು."

"ಹಳೇ ಹಿಂದಿ ಫಿಲ್ಮಿನ ಸೀನು ಅಂತ ಭಾವ ಹೇಳಿದ್ದು."

"ಮೂವತ್ತು ವರ್ಷ ಅದನ್ನೇ ಹೇಳಿದ ನಮ್ಮ ವಿಲ್ಲಿ ಪೊರ್ಬು." ಸೇಸಪ್ಪನ ಸ್ವರ ಇಳಿಯಿತು. "ಒಪ್ಪಿಸದೆ ಬಿಡುವುದಿಲ್ಲ ಅಂತ ಇದ್ದೆ. ಇನ್ನು ಯಾರ ಹತ್ತಿರ ಹೇಳುವುದು?"

*

ಎರಡು ವರ್ಷದ ಹಿಂದೆ ಮಗಳು ಶೆರಿಲ್ ಆ ಹಿಂದಿ ಫಿಲ್ಮನ್ನು ಮೊಬೈಲಿನಲ್ಲಿ ಹುಡುಕಿ ಕೊಟ್ಟಿದ್ದಳು. ವಿಲ್ಲಿ ಕನ್ನಡಕ ಒರೆಸಿ ಒರೆಸಿ ನೋಡಿದ. ಆ ಸೀನು ಬಂದಾಗ ನಿಲ್ಲಿಸಿದ.

"ಲಾಟೀನು, ಡಾಲಿ! ಕಿಟಕಿಗೆ ನೇತುಹಾಕಿದ ಲಾಟೀನು. ಅಮ್ಮನೂ ಇಲ್ಲ, ಕಡಲೂ ಇಲ್ಲ. ಎರಡು ಫಿಲ್ಮನ್ನೂ ಸೇರಿಸಿ ಹೊಲಿದದ್ದು ನನ್ನ ಮಂಡೆ." ಮೊಬೈಲು ಕೆಳಗಿಟ್ಟು, "ಮೊನ್ನೆ ನೋಡಿದ ಹೊಸ ಫಿಲ್ಮಿನಲ್ಲೂ ತೂಟೆ ಬೀಸ್ತಾರಲ್ಲ, ಅದು ಸೇಸುವಿನ ಅಮ್ಮನಿಂದ ಹೋದದ್ದು ಮತ್ತೆ!" ಎಂದ.

ಅಂದೇ ಸೇಸಪ್ಪನಿಗೆ ಕಾಗದ ಬರೆದು ಡಾಲಿಗೆ ಓದಿ ಹೇಳಿದ. ವಿಳಾಸ ಬರೆದ, ಸ್ಟ್ಯಾಂಪ್ ಅಂಟಿಸಿದ. ಪೋಸ್ಟಿಗೆ ಮಾತ್ರ ಹಾಕಲಿಲ್ಲ.

"ಎಂತ, ಸೋತದ್ದಕ್ಕೆ ನಾಚಿಕೆಯಾ?"

"ಹಾಗಲ್ಲ. ಇದು ಮುಟ್ಟಿದರೆ ಜಗಳ ಮುಗೀತಲ್ಲ. ಮತ್ತೆ ಅವ ಆದಿತ್ಯವಾರ ಎಂತಕ್ಕೆ ಬರುವುದು?"

*

ಮಣ್ಣು ಹಾಕಿ ಎಲ್ಲರೂ ಇಗರ್ಜಿಯ ಗೇಟಿಗೆ ಬಂದಾಗ ಡಾಲಿ ಕೋಟಿನ ಜೇಬಿನಿಂದ ತೆಗೆದಿಟ್ಟುಕೊಂಡಿದ್ದ ಲಕೋಟೆಯನ್ನು ಚೀಲದಿಂದ ಹೊರತೆಗೆದಳು. ಗಂಡನ ಸೋಲು ಗಂಡನ ಜೊತೆಗೇ ಹೋಗಲಿ ಎಂದು ಬೆಳಿಗ್ಗೆ ಒಂದು ಗಳಿಗೆ ಅನಿಸಿತ್ತು. ಆದರೆ ಇನ್ನೊಬ್ಬರ ಅಮ್ಮನ ತೂಟೆಯನ್ನು ಹೂಳಲು ತಾನು ಯಾರು?

"ಸೇಸಪ್ಪಣ್ಣ, ನಿಮಗೆ. ಎರಡು ವರ್ಷದಿಂದ ಇವರ ಹತ್ತಿರವೇ ಉಳಿದಿತ್ತು."

ಸೇಸಪ್ಪ ತನ್ನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ. ಅಳತೆ ಬರೆಯುವ ಪೆನ್ಸಿಲಿನ ಅಕ್ಷರ.

"ಒಳಗೆ ಎಂತ ಉಂಟು, ಬಾಯಮ್ಮ?"

"ತೂಟೆಯ ವಿಷಯ. ಹೇಳಲಾ?"

"ಬೇಡ, ಬೇಡ! ಕ್ಲೈಮ್ಯಾಕ್ಸ್ ಮೊದಲೇ ಹೇಳಿದವರಿಗೆ ಪೊರ್ಬು ಎಷ್ಟು ಬೈತಿದ್ದ!" ಅವನು ಅವಳ ಮುಖ ನೋಡಿದ. ಅವಳ ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. "ಸ್ಟ್ಯಾಂಪ್ ಹಚ್ಚಿದ್ದಾನಲ್ಲ. ಪೋಸ್ಟಿನಲ್ಲೇ ಬರಲಿ. ಎರಡು ದಿನ ಕಾಯ್ತೇನೆ."

ಗೇಟಿನ ಬದಿಯಲ್ಲಿದ್ದ ಕೆಂಪು ಡಬ್ಬದ ಬಾಯಿಗೆ ಲಕೋಟೆ ತೂರಿಸಿ, ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದೇ ಸ್ವಲ್ಪ ಹೊತ್ತು ನಿಂತ. ಆಮೇಲೆ ಬಿಟ್ಟ.